ಮಜ್ಜಿಗೆ ಮಾರಿದ್ರೆ ಲಾಭ ಎಷ್ಟು? ಮಕ್ಕಳ ಸಂತೆ, ಬೇಸಿಗೆ ರಜೆ ಮತ್ತು ಅಪ್ಪ-ಅಮ್ಮನ ಕೂಲಿ ಲೆಕ್ಕ

(ಏಪ್ರಿಲ್ 2025ರ ಮೊದಲ ವಾರದ ಸಂಚಿಕೆಯ ಬರಹ ರೂಪ)

ಭಾನುವಾರ ಯುಗಾದಿ, ಸೋಮವಾರ ಹೊಸತೊಡಕು, ಅದೇ ಸೋಮವಾರ ರಂಜಾನ್. ನಮ್ಮ ಬೀದೀಲಿ ಒಂದು ತುದಿಯಿಂದ ಬಾಡೂಟದ ವಾಸನೆ, ಇನ್ನೊಂದು ತುದಿಯಿಂದ ಬಿರಿಯಾನಿ. ನನ್ನ ಹೊಟ್ಟೆ ಇನ್ನೂ ರಿಪೇರಿಯಲ್ಲಿದೆ, ಹಾಗಾಗಿ ಇವತ್ತು ಸ್ವಲ್ಪ ನಿಧಾನಕ್ಕೆ ಮಾತಾಡ್ತೀನಿ.

ಇವತ್ತಿನ ವಿಷಯ ಶಾಲೆ. ಪಾಠ ಅಲ್ಲ, ಪರೀಕ್ಷೆ ಅಲ್ಲ. ಫೆಬ್ರವರಿಯಿಂದ ಮೇವರೆಗೆ ಶಾಲೆ ಸುತ್ತ ನಡೆಯುತ್ತಲ್ಲ, ಮಕ್ಕಳ ಸಂತೆ, ವಾರ್ಷಿಕೋತ್ಸವ, ರಿಸಲ್ಟ್ ದಿನ, ಆಮೇಲೆ ಬೇಸಿಗೆ ಶಿಬಿರ, ಅದೆಲ್ಲ. ಹೊಂಗೆ ಮರ ಹೊಸ ಎಲೆ ಬಿಡೋ ಟೈಮಲ್ಲಿ ಶಾಲೆಗಳಿಗೂ ಒಂದು ಹುರುಪು ಬರುತ್ತೆ. ಅಪ್ಪ ಅಮ್ಮ ಎಲ್ಲ ಬನ್ನಿ ಅಂತ ಕರೀತಾರೆ. ಕರೆದಾಗ ಯಾರು ಬರ್ತಾರೆ, ಯಾರು ಬರೋಕಾಗಲ್ಲ, ಬರೋಕೆ ಎಷ್ಟು ಖರ್ಚಾಗುತ್ತೆ? ನಾನು ಬಿ.ಕಾಂ. ಓದಿದವಳು, ನನಗೆ ಎಲ್ಲಾ ಕಡೆ ಲೆಡ್ಜರೇ ಕಾಣೋದು. ಸಹಿಸ್ಕೊಳ್ಳಿ.

ಮಾರ್ಚ್ ಮೊದಲ ವಾರ ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮಕ್ಕಳ ಸಂತೆಗೆ ಹೋಗಿದ್ದೆ. ಮಕ್ಕಳ ಸಂತೆ ನೋಡಿಲ್ಲದೇ ಇರೋರಿಗೆ ಒಂದು ಮಾತು: ಮಕ್ಕಳು ಮನೆಯಿಂದ, ಹೊಲದಿಂದ ಏನಾದ್ರೂ ತಂದು ಶಾಲೆ ಅಂಗಳದಲ್ಲಿ ಅಂಗಡಿ ಇಡ್ತಾರೆ. ಕೆಲವು ಕಡೆ ಇದಕ್ಕೆ ಮೆಟ್ರಿಕ್ ಮೇಳ ಅಂತಾನೂ ಹೇಳ್ತಾರೆ, ಯಾಕಂದ್ರೆ ಗ್ರಾಂ, ಕೆಜಿ, ಲೀಟರ್, ಚಿಲ್ಲರೆ ಲೆಕ್ಕ ಎಲ್ಲ ಅಲ್ಲೇ ಕಲಿಯೋದು. ಶನಿವಾರ ಬೆಳಗಿನ ಶಾಲೆ, ಒಂಬತ್ತಕ್ಕೆಲ್ಲ ಸಂತೆ ರೆಡಿ. ಹೊಸ ಹುಣಸೆಹಣ್ಣು, ಕೊತ್ತಂಬರಿ ಸೊಪ್ಪು, ಚುರುಮುರಿ, ತೆಂಗಿನಕಾಯಿ. ಒಬ್ಬ ಹುಡುಗ ನಾಲ್ಕೇ ನಾಲ್ಕು ಪಪ್ಪಾಯಿ ಇಟ್ಕೊಂಡು ಹೋಲ್‌ಸೇಲ್ ವ್ಯಾಪಾರಿ ಥರ ಕೂತಿದ್ದ. ಚೌಕಾಸಿಗೆ ಬಗ್ಗಲೇ ಇಲ್ಲ ಪುಣ್ಯಾತ್ಮ.

ಆರನೇ ಕ್ಲಾಸಿನ ಒಬ್ಬ ಹುಡುಗಿ ಸ್ಟೀಲ್ ಡಬರಿ ಇಟ್ಕೊಂಡು ಮಜ್ಜಿಗೆ ಮಾರ್ತಿದ್ಲು. ಲೋಟಕ್ಕೆ 10 ರೂಪಾಯಿ. ಹತ್ತೂವರೆಗೆಲ್ಲ ಖಾಲಿ. ನಾನು ಪಕ್ಕದಲ್ಲಿ ಕೂತು ಕೇಳ್ದೆ, ಎಷ್ಟು ಲಾಭ ಆಯ್ತು ಪುಟ್ಟಿ ಅಂತ.

"300 ರೂಪಾಯಿ ಅಕ್ಕ!"

"ಅದು ವ್ಯಾಪಾರ. ಲಾಭ ಎಷ್ಟು? ಮೊಸರು ಎಲ್ಲಿಂದ ಬಂತು?"

"ಅಮ್ಮ ಕೊಡ್ತು."

"ಲೋಟ?"

"ಅಪ್ಪ ತಂತು."

ಸರಿ, ಪುಸ್ತಕ ತೆಗಿ ಅಂದೆ. ಇಬ್ಬರೂ ಕೂತು ಬರೆದ್ವಿ. ಮನೇಲಿ ಒಂದು ಹಸು ಇದೆ. ಮೂರು ಲೀಟರ್ ಹಾಲು ಡೇರಿಗೆ ಹಾಕದೆ ಹೆಪ್ಪು ಹಾಕಿದ್ರು, ಅದು ಹತ್ತಿರ ಹತ್ತಿರ 100 ರೂಪಾಯಿ. ಪೇಪರ್ ಲೋಟ 40. ಶುಂಠಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಉಪ್ಪು ಎಲ್ಲ ಸೇರಿ 15. ಒಟ್ಟು 155. ಹಾಗಾದ್ರೆ ಲಾಭ 145. ಹುಡುಗಿ ಮುಖ ಸ್ವಲ್ಪ ಸಣ್ಣ ಆಯ್ತು, ಆದ್ರೆ ಒಪ್ಕೊಂಡ್ಲು. ಆಮೇಲೆ ನಾನು ಕೇಳ್ದೆ: ಬೆಳಿಗ್ಗೆ ಎದ್ದು ಮಜ್ಜಿಗೆ ಕಡೆದವರು ಯಾರು? ಅಮ್ಮ. ಹಾಗಾದ್ರೆ ಅಮ್ಮಂಗೆ ಎಷ್ಟು ಬರೀಲಿ?

ಅವಳು ಜೋರಾಗಿ ನಕ್ಕುಬಿಟ್ಲು. "ಅಮ್ಮಂಗೆ ಯಾರಾದ್ರೂ ದುಡ್ಡು ಕೊಡ್ತಾರಾ ಅಕ್ಕ?"

ಅಮ್ಮ ಎಲ್ಲಿ, ಬಂದಿಲ್ವಾ ಅಂತ ಕೇಳ್ದೆ. "ಕೆಲ್ಸಕ್ಕೆ ಹೋಗೈತೆ."

ಸಂಜೆ ಬಸ್‌ಸ್ಟಾಪಿಗೆ ಹೋಗೋ ದಾರೀಲಿ ಅವರ ಮನೆ. ಅಮ್ಮ ಆಗ ತಾನೇ ಕೆಲಸದಿಂದ ಬಂದು ಹಸುವಿಗೆ ಹುಲ್ಲು ಹಾಕ್ತಿದ್ರು. ನಾನು ಫೋನಲ್ಲಿ ತೆಗೆದಿದ್ದ ವಿಡಿಯೋ ತೋರಿಸ್ದೆ. ಮಗಳು "ಬನ್ನಿ ಬನ್ನಿ, ತಣ್ಣನೆ ಮಜ್ಜಿಗೆ" ಅಂತ ಕೂಗೋದು, ಮೇಷ್ಟ್ರಿಗೇ ಚಿಲ್ಲರೆ ಇಲ್ಲ ಸಾರ್ ಅಂತ ದಬಾಯಿಸೋದು. ಆಯಮ್ಮ ಮೂರು ಸಲ ನೋಡಿದ್ರು. "ಇದೇನವ್ವ ಹಿಂಗೆ ಕೂಗ್ತಾಳೆ, ಮನೇಲಿ ಬಾಯೇ ಬಿಡಲ್ವಲ್ಲ" ಅಂದ್ರು. ವಿಡಿಯೋ ಕಳಿಸು ಅಂದ್ರು. ಅವರದ್ದು ಕೀಪ್ಯಾಡ್ ಫೋನು. ಮಗನ ನಂಬರಿಗೆ ಕಳಿಸ್ದೆ.

ಈಗ ಆ ಹುಡುಗಿಯ ಪುಸ್ತಕ ಪಕ್ಕಕ್ಕಿಟ್ಟು ಶಾಲೆಯ ಪುಸ್ತಕ ತೆಗೆಯೋಣ. ಒಂದು ಊಹೆ ಲೆಕ್ಕ ಹಾಕ್ತೀನಿ, ಯಾವುದೇ ಒಂದು ಶಾಲೆಯ ಲೆಕ್ಕ ಅಲ್ಲ. ಬೆಳಿಗ್ಗೆ ಹತ್ತೂವರೆಗೆ ಕಾರ್ಯಕ್ರಮ, ಕೂಲಿಗೆ ಹೋಗೋ 60 ಜನ ಪೋಷಕರು ಬಂದ್ರು ಅಂತಿಟ್ಕೊಳ್ಳಿ. 2025ರ ಏಪ್ರಿಲ್ 1ರಿಂದ ಕರ್ನಾಟಕದಲ್ಲಿ ನರೇಗಾ ಕೂಲಿ 349ರಿಂದ 370 ರೂಪಾಯಿ ಆಯ್ತು. ಅದೇ 1ನೇ ತಾರೀಖಿಗೆ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿ ಆಯ್ತು, ಅದು ಬೇರೆ ಕಥೆ. 60 ಜನ, ತಲಾ 370. 22,200 ರೂಪಾಯಿ. ಒಂದು ಗಂಟೆ ಕಾರ್ಯಕ್ರಮಕ್ಕೆ ಇಡೀ ದಿನದ ಕೂಲಿ ಯಾಕೆ ಹಿಡೀತಿದ್ದೀಯ ಅಂತ ಕೇಳಬಹುದು. ನರೇಗಾ ಕೆಲಸದ ಜಾಗದಲ್ಲಿ ಈಗ ಆ್ಯಪ್‌ನಲ್ಲಿ ಹಾಜರಿ, ದಿನಕ್ಕೆ ಎರಡು ಸಲ ಫೋಟೋ. ಮಧ್ಯೆ ಎದ್ದು ಶಾಲೆಗೆ ಹೋಗಿ ಬರ್ತೀನಿ ಅನ್ನೋದು ಸುಲಭ ಅಲ್ಲ. ಗಾರ್ಮೆಂಟ್ಸ್‌ಗೆ ಹೋಗೋರ ಕಥೆ ಇನ್ನೂ ಕಷ್ಟ. ಅವರ ವ್ಯಾನು ಬೆಳಕು ಹರಿಯೋ ಹೊತ್ತಿಗೆ ಬರುತ್ತೆ, ವಾಪಸ್ ಬಿಡೋದು ಕತ್ತಲಾದ್ಮೇಲೆ.

ಶಾಮಿಯಾನ ಬಾಡಿಗೆ, ಮೈಕ್ ಸೆಟ್, ಹಾರ, ಶಾಲು, ಎಲ್ಲದಕ್ಕೂ ಬಿಲ್ ಇರುತ್ತೆ. 22,200ಕ್ಕೆ ಬಿಲ್ ಇಲ್ಲ. ಮಜ್ಜಿಗೆ ಲೆಕ್ಕದಲ್ಲಿ ಅಮ್ಮ ಕಡೆದದ್ದು ಬರಲಿಲ್ಲ, ಶಾಲೆ ಲೆಕ್ಕದಲ್ಲಿ ಅಮ್ಮ ಬಿಟ್ಟ ಕೂಲಿ ಬರಲಿಲ್ಲ. ಎರಡೂ ಕಡೆ ಒಬ್ರೇ ಹಾಕಿದ ಬಂಡವಾಳ.

ಆಮೇಲೆ ವೇದಿಕೆ ಮೇಲೆ ಒಬ್ರು ನಿಂತು, "ಪೋಷಕರಿಗೆ ಮಕ್ಕಳ ವಿದ್ಯಾಭ್ಯಾಸದ ಬಗ್ಗೆ ಆಸಕ್ತಿ ಇಲ್ಲ, ನೋಡಿ ಕುರ್ಚಿ ಖಾಲಿ" ಅಂತಾರೆ. ಈ ಮಾತು ನಾನು ಎಷ್ಟು ಸಲ ಕೇಳಿದ್ದೀನಿ ಅಂದ್ರೆ ಈಗ ಸಿಟ್ಟೂ ಬರಲ್ಲ.

ಹಾಗಾದ್ರೆ ಏನ್ ಮಾಡ್ಬಹುದು? ಪಕ್ಕದ ತಾಲ್ಲೂಕಿನ ಒಂದು ಶಾಲೆಯವರು ಮಕ್ಕಳ ಸಂತೆಯನ್ನ ಸಂಜೆ ಐದಕ್ಕೆ ಇಟ್ರು. ಅಷ್ಟೇ, ಬೇರೆ ಏನೂ ಬದಲಾಯಿಸಲಿಲ್ಲ. ನಾನು ಅಲ್ಲಿಗೂ ಹೋಗಿದ್ದೆ. ಆರೂವರೆ ಹೊತ್ತಿಗೆ ಅಂಗಳದಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಹೊಲದಿಂದ ಹಾಗೇ ಬಂದವರು, ಟವೆಲ್ ಹೆಗಲ ಮೇಲಿದ್ದವರು, ವ್ಯಾನಿಂದ ಇಳಿದು ಊಟದ ಡಬ್ಬಿ ಸಮೇತ ಬಂದ ಹೆಂಗಸರು. ಕರೆಂಟ್ ಹೋಯ್ತು, ಎಲ್ರೂ ಮೊಬೈಲ್ ಟಾರ್ಚ್ ಹಾಕಿದ್ರು. ಒಬ್ಬ ಅಪ್ಪ ತನ್ನ ಮಗನ ಅಂಗಡಿಯಿಂದ ತನ್ನದೇ ಹೊಲದ ಬದನೆಕಾಯಿನ ದುಡ್ಡು ಕೊಟ್ಟು ತಗೊಂಡ. ಮಗ 5 ರೂಪಾಯಿ ಜಾಸ್ತಿ ಕೇಳ್ದ. ಕೊಟ್ಟ.

ಇದರ ಇನ್ನೊಂದು ಮುಖಾನೂ ಹೇಳ್ಬೇಕು. ಟೀಚರ್‌ಗಳಿಗೆ ಸಂಜೆ ಕಾರ್ಯಕ್ರಮ ಅಂದ್ರೆ ನಿಜವಾಗ್ಲೂ ತೊಂದರೆ. ಬಹಳ ಜನ ಬೇರೆ ಊರಿಂದ ಬಸ್ಸಲ್ಲಿ ಬರೋರು, ಏಳರ ಮೇಲೆ ಹಳ್ಳಿಗಳಿಂದ ಬಸ್ಸೇ ಇರಲ್ಲ. ಮನೇಲಿ ಅವರಿಗೂ ಮಕ್ಕಳಿದ್ದಾರೆ. ಪಾಠದ ಜೊತೆ ಸಮೀಕ್ಷೆ, ಚುನಾವಣೆ ಕೆಲಸ ಎಲ್ಲ ಅವರ ತಲೆ ಮೇಲೇ. ಅವರ ಮೇಲೆ ಇನ್ನೊಂದು ಹೊರೆ ಹಾಕಿ ಅಂತ ನಾನು ಹೇಳ್ತಿಲ್ಲ. ಆ ಶಾಲೇಲಿ ಹೆಡ್‌ಮೇಷ್ಟ್ರು ಆರು ಗಂಟೆಗೆ ಬೀಗದ ಕೈ ಎಸ್‌ಡಿಎಂಸಿ ಅಧ್ಯಕ್ಷರಿಗೆ ಕೊಟ್ಟು, ಬಸ್ಸಿಗೆ ಹೋಗಬೇಕಾದ ಟೀಚರ್‌ಗಳನ್ನ ಕಳಿಸಿಬಿಟ್ರು. ಮುಂದಿನದ್ದು ಊರಿನವರು ನೋಡ್ಕೊಂಡ್ರು, ಗುಡಿಸಿದ್ದೂ ಅವರೇ. ವರ್ಷಕ್ಕೆ ಒಂದು ಸಂಜೆ. ಇಷ್ಟು ಆಗುತ್ತೆ ಅಂತ ನನಗನ್ನಿಸುತ್ತೆ.

ಎಸ್‌ಡಿಎಂಸಿ ಅಂದ್ರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ನಿಮ್ಮೂರ ಸರ್ಕಾರಿ ಶಾಲೆಯಲ್ಲೂ ಇರುತ್ತೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಇಂಥ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಭಾಗ ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಕಾರ್ಯಕ್ರಮ ಎಷ್ಟು ಹೊತ್ತಿಗೆ ಇಡೋಣ ಅನ್ನೋ ಪ್ರಶ್ನೆ ಅಲ್ಲಿ ಎತ್ತಬಹುದು. ನಿಮ್ಮ ಅಕ್ಕನೋ ಅತ್ತಿಗೆಯೋ ಅದರಲ್ಲಿ ಸದಸ್ಯರಾಗಿದ್ದು, ಬರೀ ಸಹಿ ಹಾಕಿ ಬರ್ತಿರಬಹುದು. ಮನೇಲಿ ಒಂದ್ಸಲ ಕೇಳಿ ನೋಡಿ.

ಈಗ ಮುಂದಿನ ವಾರಕ್ಕೆ ಬರೋಣ. 10ನೇ ತಾರೀಖಿನ ಆಸುಪಾಸಲ್ಲಿ ಸರ್ಕಾರಿ ಶಾಲೆಗಳಲ್ಲಿ ‘ಸಮುದಾಯದತ್ತ ಶಾಲೆ’ ಅಂತ ಮಾಡಿ, ಪೋಷಕರನ್ನ ಕರೆದು ರಿಸಲ್ಟ್ ಕೊಡ್ತಾರೆ. ನೀವು ಆ ಮನೆಯ ಚಿಕ್ಕಪ್ಪನೋ, ಅತ್ತೆಯೋ, ದೊಡ್ಡಣ್ಣನೋ ಆಗಿದ್ದು, ಅಪ್ಪ ಅಮ್ಮಂಗೆ ಹೋಗೋಕಾಗಲ್ಲ ಅಂದ್ರೆ ನೀವೇ ಹೋಗಿ. ಮಾರ್ಕ್ಸ್ ಕಾರ್ಡ್ ಫೋಟೋ ತೆಗೆದು ಬರೋದಲ್ಲ, ಟೀಚರ್ ಹತ್ರ ಐದು ನಿಮಿಷ ಕೂತು ಮಾತಾಡಿ. ಕನ್ನಡ ಓದ್ತಾನಾ, ಭಾಗಾಕಾರ ಬರುತ್ತಾ, ರಜೇಲಿ ಏನ್ ಮಾಡಿಸ್ಬೇಕು.

ಯಾಕಂದ್ರೆ 11ರಿಂದ ರಜೆ. ಏಪ್ರಿಲ್ 11ರಿಂದ ಮೇ 28, ಒಟ್ಟು 48 ದಿನ. ನಿಮಗೂ ನನಗೂ ರಜೆ ಅಂದ್ರೆ ಅಜ್ಜಿ ಮನೆ, ಮಾವಿನಕಾಯಿ, ಜಾತ್ರೆ ನೆನಪಾಗುತ್ತೆ. ಆದ್ರೆ ಅಪ್ಪ ಅಮ್ಮ ಇಬ್ರೂ ದುಡಿಯೋ ಮನೇಲಿ ಇದು 48 ದಿನದ ಪ್ರಶ್ನೆ: ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಮಕ್ಕಳನ್ನ ಯಾರು ನೋಡ್ಕೋತಾರೆ? ಪುಟ್ಟ ಮಕ್ಕಳಿಗಾದ್ರೆ ಎಷ್ಟೋ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಶುರುವಾಗಿದೆ. ಎಂಟು, ಹತ್ತು, ಹನ್ನೆರಡು ವರ್ಷದವರಿಗೆ ಯಾರೂ ಇಲ್ಲ. ಅವರು ದೊಡ್ಡೋರು ಅಂತ ಲೆಕ್ಕ. ಬಿಸಿಯೂಟಾನೂ ನಿಲ್ಲುತ್ತೆ, ಅದರ ಜೊತೆಗಿನ ಮೊಟ್ಟೆ, ಬಾಳೆಹಣ್ಣೂ ನಿಲ್ಲುತ್ತೆ. ಕಳೆದ ಬೇಸಿಗೇಲಿ ಬರ ಇತ್ತು ಅಂತ ಬರಪೀಡಿತ ತಾಲ್ಲೂಕುಗಳಲ್ಲಿ ರಜೆಯಲ್ಲೂ ಊಟ ಕೊಟ್ರು. ಅದು ಬರದ ವರ್ಷದ ವಿಶೇಷ. ಮಾಮೂಲಿ ವರ್ಷದಲ್ಲಿ ಶಾಲೆಗೆ ರಜೆ ಅಂದ್ರೆ ಒಲೆಗೂ ರಜೆ.

ಸಿಟಿಗಳಲ್ಲಿ ಶಿಬಿರಗಳಿಗೆ ಬರ ಇಲ್ಲ. ಮೈಸೂರಿನ ರಂಗಾಯಣದ ಚಿಣ್ಣರ ಮೇಳ ಗೊತ್ತೇ ಇದೆ, ಬೆಂಗಳೂರಲ್ಲಿ ಕಬ್ಬನ್ ಪಾರ್ಕಿನ ಬಾಲಭವನ ಇದೆ. ಇನ್ನು ಖಾಸಗಿ ಕ್ಯಾಂಪ್‌ಗಳು, ರೋಬೋಟಿಕ್ಸು, ಕುದುರೆ ಸವಾರಿ, ‘ಲೀಡರ್‌ಶಿಪ್’ ಅಂತೆ ಆರು ವರ್ಷದ ಮಗುವಿಗೆ. ಅದರ ಬಗ್ಗೆ ಇನ್ನೊಂದು ದಿನ ಮಾತಾಡ್ತೀನಿ, ಈಗ ಬಿಟ್ಬಿಡೋಣ.

ಹಳ್ಳೀಲಿ ಏನಿದೆ? ಗ್ರಾಮ ಪಂಚಾಯಿತಿ ಲೈಬ್ರರಿ ಇದೆ. ಈಗ ಅದರ ಹೆಸರು ‘ಅರಿವು ಕೇಂದ್ರ’. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಪಂಚಾಯಿತಿಗಳಿವೆ, ಸಾಕಷ್ಟು ಕಡೆ ಲೈಬ್ರರಿ ಮೊದಲಿಗಿಂತ ಎಷ್ಟೋ ಚೆನ್ನಾಗಿದೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಅಡಿಯಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ. ಬೇಸಿಗೇಲಿ ಅಲ್ಲಿ ಶಿಬಿರಗಳನ್ನೂ ಮಾಡಿದ್ದಾರೆ. ಆದ್ರೆ ಅಲ್ಲಿರೋದು ಒಬ್ಬ ಮೇಲ್ವಿಚಾರಕರು. ಒಬ್ರೇ 40 ಮಕ್ಕಳನ್ನ ಕೂರಿಸಿಕೊಂಡು ಎಷ್ಟು ಹೊತ್ತು ಕಥೆ ಹೇಳೋಕಾಗುತ್ತೆ?

ಇಲ್ಲಿ ನೀವು ಬರ್ತೀರಿ. ಹೌದು, ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ನೀವೇ. ಡಿಗ್ರಿ ಎಕ್ಸಾಮ್ ಮುಗಿಸಿ ಊರಿಗೆ ಬಂದಿದ್ರೆ, ವಾರಕ್ಕೆ ಎರಡು ದಿನ, ದಿನಕ್ಕೆ ಎರಡು ಗಂಟೆ. ಮೊದಲು ಲೈಬ್ರರಿ ಮೇಲ್ವಿಚಾರಕರ ಹತ್ರ, ಆಮೇಲೆ ಪಿಡಿಒ ಹತ್ರ ಹೇಳಿ. ದೊಡ್ಡ ಪ್ಲಾನ್ ಬೇಡ. ಒಂದು ಕಥೆ ಜೋರಾಗಿ ಓದಿ, ಆಮೇಲೆ ಒಬ್ಬೊಬ್ರೂ ಒಂದೊಂದು ಪುಟ ಓದಲಿ. ಓದೋಕೆ ಬರದೇ ಇರೋನು ಚಿತ್ರ ನೋಡಿ ಹೇಳಲಿ, ಅವನನ್ನ ನಗಬೇಡಿ.

ಇನ್ನೊಂದು ಮಾತು, ಅಜ್ಜಿಯರನ್ನ ಕರೀರಿ. ಹಗಲು ಹೊತ್ತಲ್ಲಿ ಮಕ್ಕಳ ಜೊತೆ ಮನೇಲಿರೋ ಕುಟುಂಬ ಅಂದ್ರೆ ಅವರೇ. ಪೋಷಕರು ಅಂತ ಹಾಕಿಸೋ ಆಮಂತ್ರಣದಲ್ಲಿ ಅವರ ಹೆಸರಿರಲ್ಲ. ಅಳಗುಳಿ ಮಣೆ ತರಿಸಿ, ನೆಲದ ಮೇಲೆ ಚೌಕಾಬಾರ ಬರೆಸಿ. ಹುಣಸೆಬೀಜ, ಕವಡೆ ಇದ್ರೆ ಸಾಕು, ಖರ್ಚು ಸೊನ್ನೆ. ಕೂಡೋದು ಕಳೆಯೋದು ನಾವು ಕ್ಯಾಲ್ಕುಲೇಟರಲ್ಲಿ ಮಾಡೋಕೆ ಮುಂಚೆ ಅವರು ಮುಗಿಸಿರ್ತಾರೆ. ನಮ್ಮಜ್ಜಿ ಜೊತೆ ಆಡಿ ನಾನು ಗೆದ್ದಿದ್ದು ಇವತ್ತಿಗೂ ಇಲ್ಲ, ಅವರು ಮೋಸ ಮಾಡ್ತಾರೆ ಅಂತ ನನ್ನ ಬಲವಾದ ಅನುಮಾನ.

ಸ್ವಲ್ಪ ಸೀರಿಯಸ್ ವಿಷಯ. ಕೃಷಿ ಹೊಂಡ. ರಜೇಲಿ, ಸೆಕೆಗೆ ಮಕ್ಕಳು ಈಜೋಕೆ ಹೋಗ್ತಾರೆ. ಕೆರೆಗೆ ಇಳಿಜಾರು ದಡ ಇರುತ್ತೆ, ಹಳೇ ಬಾವಿಗೆ ಮೆಟ್ಟಿಲಾದ್ರೂ ಇರುತ್ತೆ. ಹೊಂಡಕ್ಕೆ ನೀರು ಇಂಗದೇ ಇರ್ಲಿ ಅಂತ ಒಳಗೆ ಪ್ಲಾಸ್ಟಿಕ್ ಹಾಸಿರ್ತಾರೆ. ಒದ್ದೆಯಾದ್ರೆ ಅದು ಸೋಪಿನ ಥರ ಜಾರುತ್ತೆ. ಈಜು ಬರೋ ಹುಡುಗನೂ ಮೇಲೆ ಹತ್ತೋಕಾಗದೆ ಸುಸ್ತಾಗ್ತಾನೆ. ಕಾಪಾಡೋಕೆ ಅಂತ ಇನ್ನೊಬ್ಬ ಇಳೀತಾನೆ, ಅವನೂ ಹತ್ತಲಾರ. ಪ್ರತಿ ಬೇಸಿಗೇಲೂ ಇಂಥ ಸುದ್ದಿ ಓದ್ತೀವಿ, ಇಬ್ರು, ಮೂವರು ಒಟ್ಟಿಗೆ. ನಿಮ್ಮನೆ ಹೊಲದಲ್ಲಿ ಹೊಂಡ ಇದ್ರೆ ಈ ವಾರಾನೇ ಎರಡು ಕೆಲಸ ಮಾಡಿ: ಸುತ್ತ ಬೇಲಿ, ಮತ್ತೆ ಗಟ್ಟಿ ಗೂಟಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಟ್ಟ ಗಂಟು ಗಂಟಿನ ಹಗ್ಗ. ಹಳೇ ಟೈರ್ ಇದ್ರೆ ತುದಿಗೆ ಕಟ್ಟಿ. ಮಕ್ಕಳಿಗೆ ಒಂದೇ ಪಾಠ ಹೇಳಿಕೊಡಿ: ಯಾರಾದ್ರೂ ಬಿದ್ರೆ ನೀರಿಗೆ ಇಳೀಬೇಡ, ಹಗ್ಗ ಎಸಿ, ಕೂಗು. ಮೇಲೆ ಹೇಳಿದ ಶಿಬಿರದಲ್ಲಿ ಬೇರೇನೂ ಮಾಡದೆ ಇದೊಂದನ್ನ ಮಾಡಿಸಿದ್ರೂ ಆ ದಿನ ವೇಸ್ಟ್ ಅಲ್ಲ.

ಭಾನುವಾರ ಎಲ್ಲಾದ್ರೂ ಹೋಗ್ಬೇಕು ಅನ್ನೋರಿಗೆ ಲೆಕ್ಕ ಬೇಗ ಹೇಳ್ತೀನಿ. ಶಕ್ತಿ ಯೋಜನೆ ಇರೋದ್ರಿಂದ ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ಅಮ್ಮ, ಮಗಳು, ಅಜ್ಜಿ ಫ್ರೀ. ಮಗನಿಗೆ ಹನ್ನೆರಡರೊಳಗಿದ್ರೆ ಅರ್ಧ ಟಿಕೆಟ್. ಫುಲ್ ಟಿಕೆಟ್ ಅಪ್ಪಂಗೆ ಮಾತ್ರ. ನಾಲ್ಕೈದು ಮನೆಯವರು ಸೇರಿ ಪಕ್ಕದ ಊರಿನ ಕೋಟೆಯೋ, ಡ್ಯಾಮೋ, ಮ್ಯೂಸಿಯಮ್ಮೋ ನೋಡಿ ಬರಬಹುದು. ಆಧಾರ್ ಮರೀಬೇಡಿ, ಕಂಡಕ್ಟರ್ ಜೊತೆ ಜಗಳ ಬೇಡ.

ಕೊನೇದಾಗಿ ನನಗೆ ತುಂಬಾ ಇಷ್ಟದ್ದು. ಏಪ್ರಿಲ್ 24, ಗುರುವಾರ. ಆ ದಿನ ಬೆಂಗಳೂರಲ್ಲಿ ಮಧ್ಯಾಹ್ನ 12 ಗಂಟೆ 17 ನಿಮಿಷದ ಹೊತ್ತಿಗೆ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರಲ್ಲ. ಶೂನ್ಯ ನೆರಳಿನ ದಿನ. ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ, ನೆರಳು ಕಾಲಡಿಗೆ ಸೇರ್ಕೊಳ್ಳುತ್ತೆ. ಕರ್ನಾಟಕ ಪೂರ್ತಿ ಒಂದೇ ದಿನ ಅಲ್ಲ. ಸೂರ್ಯ ಈಗ ದಿನ ದಿನಾ ಉತ್ತರಕ್ಕೆ ಸರೀತಿದ್ದಾನಲ್ಲ, ಅದಕ್ಕೆ ಮೈಸೂರಿಗೆ ಎರಡು ದಿನ ಮುಂಚೆ, ದಾವಣಗೆರೆಗೆ 29ರ ಸುಮಾರಿಗೆ, ಹುಬ್ಬಳ್ಳಿ-ಧಾರವಾಡಕ್ಕೆ ಮೇ 2ರ ಹತ್ತಿರ, ಕಲಬುರಗಿಗೆ ಮೇ 10ರ ಹತ್ತಿರ. ಆಗಸ್ಟಲ್ಲಿ ಅವನು ವಾಪಸ್ ಬರೋವಾಗ ಇನ್ನೊಂದು ಸಲ ಸಿಗುತ್ತೆ, ಆದ್ರೆ ಆಗ ಮೋಡ.

ಇದಕ್ಕೆ ಬೇಕಿರೋದು ಒಂದು ಪೈಪ್ ತುಂಡು, ಇಲ್ಲಾಂದ್ರೆ ಒಂದು ಸ್ಟೀಲ್ ಲೋಟ ಬೋರಲು. ಸಮತಟ್ಟು ಜಾಗ. ಹನ್ನೆರಡರಿಂದ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕ್ತಾ ಹೋಗಿ. ಮಕ್ಕಳಿಗೆ ಟೋಪಿ, ಕುಡಿಯೋಕೆ ನೀರು, ಸೂರ್ಯನ ಕಡೆ ಯಾರೂ ಕಣ್ಣು ಎತ್ತಿ ನೋಡಬಾರದು. ಇದಕ್ಕೆ ಅಮ್ಮ ಕೆಲಸ ಬಿಟ್ಟು ಎಲ್ಲಿಗೂ ಬರಬೇಕಾಗಿಲ್ಲ. ಅಂಗಳದಲ್ಲಿ ಮಗಳ ಲೋಟದ ನೆರಳು ಹೋದ ಹೊತ್ತಿಗೇ ಬದುವಿನ ಮೇಲೆ ನಿಲ್ಲಿಸಿದ ಅವರ ಗುದ್ದಲಿ ಕಾವಿನ ನೆರಳೂ ಹೋಗಿರುತ್ತೆ. ಬೆಳಿಗ್ಗೆ ಹೊರಡೋವಾಗ ಟೈಮ್ ಹೇಳಿ ಕಳಿಸಿ, ಸಂಜೆ ಇಬ್ರೂ ಕೂತು ಹೋಲಿಸ್ಕೊಳ್ಳಲಿ.

ಫೋಟೋ ತೆಗೆದ್ರೆ ಊರಿನ ಹೆಸರು, ಸಮಯ ಹಾಕಿ ನನಗೂ ಕಳಿಸಿ. ಅಮ್ಮನ ಗುದ್ದಲಿದ್ದೂ ಬರಲಿ. ಮುಂದಿನ ವಾರ ಪಿಜಿ ಅಡ್ವಾನ್ಸ್ ವಾಪಸ್ ತಗೊಳ್ಳೋದು ಹೇಗೆ ಅನ್ನೋದರ ಬಗ್ಗೆ ಮಾತಾಡೋಣ. ಬರ್ತೀನಿ, ನಮಸ್ಕಾರ.